ಅಕ್ಕಾವರ ಫ್ರೆಂಚ್ ನಟಿ, ನನ್ನ ಚೌಕಾಶಿ

ಸತ್ತವರ ಮನೆಯ ಸಾಮಾನಿಗೆ ಬೆಲೆ ಕಟ್ಟುವುದು ನನ್ನ ಕಸುಬು. ಹೈದರಾಬಾದಿನಲ್ಲಿ ಎಲ್ಲಾದರೂ ಹಳೆಯ ಮನೆ ಬೀಳುತ್ತದೆ ಎಂಬ ಸುದ್ದಿ ಬಂದರೆ, ಒಡೆಯುವವರು ತಲುಪುವ ಮೊದಲು ನಾನು ತಲುಪಿರುತ್ತೇನೆ. ತೇಗದ ಬಾಗಿಲು, ಬಣ್ಣದ ಗಾಜು, ಹೂವಿನ ಟೈಲ್ಸು, ಬಳ್ಳಿಯಂತೆ ಬಳುಕಿದ ಕಬ್ಬಿಣದ ಕಟಕಟೆ. ಒಂದು ಸುತ್ತು ಹಾಕಿದರೆ ಸಾಕು, ಯಾವುದಕ್ಕೆ ಎಷ್ಟು ಎಂದು ನಾಲಿಗೆಯ ತುದಿಗೆ ಬಂದಿರುತ್ತದೆ. ಹೋದ ತಿಂಗಳು, ನನ್ನ ಗೆಳತಿ ಅಕ್ಕಾವರು ತೀರಿಕೊಂಡ ಮೇಲೆ, ಅವರ ತಮ್ಮನ ಮಗ ಫೋನ್ ಮಾಡಿದ. "ಆಂಟಿ, ಅತ್ತಿದು ಫ್ಲ್ಯಾಟ್ ಖಾಲಿ ಮಾಡೋದೈತಿ. ಒಂದ್ಸಲ ಬಂದು ಸಾಮಾನಿಗೆ ರೇಟ್ ಹೇಳಿ ಹೋಗ್ರಿ." ಹೋದೆ. ಬಾಲಾನಗರದ ಆ ಎರಡು ಕೋಣೆಗಳಲ್ಲಿ ಒಂದು ತಾಸು ನಿಂತೆ. ಒಂದು ಸ್ಟೂಲಿಗೂ ಬೆಲೆ ಹೇಳಲಾಗಲಿಲ್ಲ. "ಬ್ಯಾರೆ ಯಾರನ್ನಾರ ಕರಿಯಪ್ಪಾ, ಇವತ್ತ ನನ್ನ ಕಣ್ಣು ಸರಿ ಇಲ್ಲ," ಎಂದು ಹೇಳಿ ಬಂದುಬಿಟ್ಟೆ.

ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ನಮ್ಮ ಯಜಮಾನರನ್ನು ಕುರ್ಚಿಯ ಮೇಲೆ ಕೂರಿಸಿ ಅವರ ಎರಡೂ ಅಂಗಾಲು ನೋಡಿದ್ದು. ಅವರಿಗೆ ಸಕ್ಕರೆ ಕಾಯಿಲೆ ಇದೆ. ದಿನಾ ನೋಡುತ್ತೇನೆ. ಅವರು ಬೈಯುತ್ತಾರೆ, ನಾನು ಬಿಡುವುದಿಲ್ಲ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ನೋಡಿ, ಬೆರಳ ಸಂದಿಯನ್ನೂ ಬಿಡಿಸಿ ನೋಡಿ. ಯಾಕೆಂದು ಹೇಳುತ್ತೇನೆ.

ಅಕ್ಕಾವರ ಹೆಸರು ಬರೆಯುವುದಿಲ್ಲ. ಕನ್ನಡ ಸಂಘದವರು ನೆನಪಿನ ಸಂಚಿಕೆಗೆ ಹೆಸರು, ಫೋಟೊ ಕೇಳಿದಾಗ, "ಗೆರಿ ಹೆಂಗೈತಿ ನೋಡ್ರಿ. ಎಳದಾಕಿ ಮಾರಿ ಕಟಗೊಂಡು ಏನ್ ಮಾಡ್ತೀರಿ?" ಎಂದು ವಾಪಸು ಕಳಿಸಿದ್ದರು. ರಾಯಚೂರು ಕಡೆಯವರು. ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ಉಪಕರಣಗಳ ನಕ್ಷೆ ಬರೆಯುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆ "ಟೈಮ್ ಸಿಗಲಿಲ್ಲ" ಎನ್ನುತ್ತಿದ್ದರು, ಬಸ್ಸು ತಪ್ಪಿದ್ದಕ್ಕೆ ಕಾರಣ ಹೇಳಿದ ಹಾಗೆ.

ಅವರನ್ನು ಮೊದಲು ಕಂಡದ್ದು ನನ್ನ ಗೋಡೌನಿನ ಬಾಗಿಲಲ್ಲಿ. ಬೀದರಿನಿಂದ ಈ ಊರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಎರಡು ಸೀರೆ ಮತ್ತು ಒಂದು ನಾಲಿಗೆ. ಆ ನಾಲಿಗೆಯಿಂದಲೇ ರದ್ದಿ ಕಾಗದದಿಂದ ಹಳೆಯ ಬಾಗಿಲಿಗೆ ಏರಿದವಳು ನಾನು. ಕೊಂಡಾಪುರದ ಹೊಸ ಅಪಾರ್ಟ್‌ಮೆಂಟುಗಳಿಗೆ ಹಳೆಯ ಬಾಗಿಲೇ ಬೇಕು ಎನ್ನುವ ಹುಡುಗ ಹುಡುಗಿಯರು ನನ್ನ ಗಿರಾಕಿಗಳು. ಅವತ್ತು ಸುಲ್ತಾನ್ ಬಜಾರಿನ ಒಂದು ಮನೆಯಿಂದ ಚೌಕಟ್ಟು ಹಾಕಿದ ಉದ್ದನೆಯ ಚಿತ್ರವೊಂದು ಬಂದಿತ್ತು. ಪರದೇಶದ ಹೆಂಗಸು. ತಲೆಯಲ್ಲಿ ಹೂವಿನ ಕಿರೀಟ, ತಲೆಯ ಹಿಂದೆ ನಕ್ಷತ್ರಗಳ ದೊಡ್ಡ ಚಕ್ರ. ಆ ಮನೆಯವರು ಎಷ್ಟು ವರ್ಷದಿಂದಲೋ ಅವಳ ಪಾದಕ್ಕೆ ಕುಂಕುಮ ಹಚ್ಚುತ್ತಿದ್ದರಂತೆ. ಗಾಜಿನ ಮೇಲೆ ದಪ್ಪಗೆ ಕೂತಿತ್ತು. ನಾನು ಅವಳನ್ನು ಬಾಗಿಲ ಹತ್ತಿರವೇ ಇಟ್ಟಿದ್ದೆ.

ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಹಿರಿಯ ಹೆಂಗಸು ನಿಂತರು. "ಇಕಿ ಯಾರ್ರೀ?"

"ಫಾರಿನ್ ಲಕ್ಷ್ಮಿ ರೀ. ಭಾಳ ಪವರ್ ಐತಿ."

"ಪವರ್ ಐತಿ ಬಿಡ್ರಿ, ಅದು ಖರೆ. ಇಕಿ ಫ್ರಾನ್ಸ್ ದೇಶದ ನಾಟಕದಾಕಿ. ಇಕಿ ಸತ್ತಂಗ ನಟಿಸಿದ್ರ ನೋಡಾಕ ಕುಂತವರು ಎಚ್ಚರ ತಪ್ಪಿ ಬೀಳ್ತಿದ್ರಂತ. ನೀವು ಕುಂಕುಮ ಹಚ್ಚಿ ಕೂಡ್ಸೀರಿ!"

ನಾನು ಚಕ್ರ ತೋರಿಸಿದೆ. ದೇವತೆಯಲ್ಲದಿದ್ದರೆ ತಲೆಯ ಹಿಂದೆ ಅದೇಕೆ? ಅವರು ನಕ್ಕರು. ಆ ಕಾಲದ ಪ್ಯಾರಿಸ್ಸಿನಲ್ಲಿ ಬಿಸ್ಕತ್ತು ಮಾರುವ ಹುಡುಗಿಯ ತಲೆಯ ಹಿಂದೆಯೂ ಅಂಥ ಚಕ್ರ ಬರೆಯುತ್ತಿದ್ದರಂತೆ. ಪರ್ಸಿನಿಂದ ಮಡಚುವ ಭೂತಗನ್ನಡಿ ತೆಗೆದು ಚಿತ್ರದ ಮೂಲೆಗೆ ಹಿಡಿದರು. "ಚುಕ್ಕಿ ಚುಕ್ಕಿ ಕಾಣ್ತಾವಲ್ಲ? ಪುಸ್ತಕದ ಹಾಳಿ ಇದು. ಆ ಕಾಲದಾಗ ಕಲ್ಲಿನ ಮ್ಯಾಲ ಬರದು ತಗದ ಅಚ್ಚು ಅಲ್ಲ." ಆಮೇಲೆ ಒಂದು ನೋಟು ತೆಗೆದು ನನ್ನ ಮೇಜಿನ ಮೇಲಿಟ್ಟರು. "ಇದರ ಕಿಮ್ಮತ್ತು ಇಷ್ಟ." ನಾನು ಹೇಳಿದ ಬೆಲೆಯನ್ನು ಅವರು ಕೇಳಿಸಿಕೊಳ್ಳಲೇ ಇಲ್ಲ. ಚೌಕಾಶಿ ಮಾಡುವವರನ್ನು ಸೋಲಿಸುವುದು ನನಗೆ ಗೊತ್ತು. ಚೌಕಾಶಿಯನ್ನೇ ಮಾಡದವರ ಎದುರು ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ಚಿತ್ರ ಕಟ್ಟಿ ಕೊಟ್ಟೆ.

ಅವತ್ತಿನಿಂದ ವಾರಕ್ಕೆರಡು ಸಲ ಬರತೊಡಗಿದರು. ನನ್ನನ್ನು "ಸಾವಕಾರ್ತಿ" ಎಂದು ಕರೆಯುತ್ತಿದ್ದರು, ಅರ್ಧ ಗೌರವ, ಅರ್ಧ ಚೇಷ್ಟೆ.

ಆ ನಟಿಯ ಹುಚ್ಚು ಅವರಿಗೆ ಹಿಡಿದದ್ದು ಕಾರ್ಖಾನೆಯಲ್ಲೇ. ಯಂತ್ರ ಕೂರಿಸಲು ಫ್ರಾನ್ಸಿನಿಂದ ಬಂದ ಎಂಜಿನಿಯರೊಬ್ಬ ವಾಪಸು ಹೋಗುವಾಗ ಅಕ್ಕಾವರ ಕೈಬರಹದ ಗೆರೆಗಳನ್ನು ಮೆಚ್ಚಿ ಒಂದು ದಪ್ಪ ಪುಸ್ತಕ ಕೊಟ್ಟಿದ್ದನಂತೆ. ಪುಟಪುಟಕ್ಕೂ ಆ ನಟಿ: ಅವಳ ಪೋಸ್ಟರು, ಉಡುಪು, ಹಾವಿನಂತೆ ಮುಂಗೈ ಸುತ್ತಿದ ಬಳೆ, ಅವಳ ಮನೆಯ ಕುರ್ಚಿ, ದೀಪ. ಪುಸ್ತಕ ಫ್ರೆಂಚಿನದು. ಅಕ್ಕಾವರು ಚಿತ್ರ ನೋಡಿ ಸುಮ್ಮನಾಗುವವರಲ್ಲ. ನಿವೃತ್ತಿಯಾದ ಮರುವಾರ ಮೆಟ್ರೊ ಹತ್ತಿ ಅಮೀರ್‌ಪೇಟೆಗೆ ಹೋದರು. ಅಲ್ಲಿ ಮೆಟ್ಟಿಲಿಗೊಂದು ಕೋಚಿಂಗ್ ಸೆಂಟರು. ಕೌಂಟರಿನ ಹುಡುಗಿ ತೆಲುಗಿನಲ್ಲಿ ಕೇಳಿದಳಂತೆ, "ಏ ಕೋರ್ಸ್ ಕಾವಾಲಮ್ಮಾ? ಬಾಬು ಕೋಸಮಾ?" ಯಾವ ಕೋರ್ಸು, ಮಗನಿಗಾ ಎಂದು. "ನನಗೇ. ಒಬ್ಬಾಕಿ ಜೋಡಿ ಮಾತಾಡಬೇಕಾಗೈತಿ, ಆಕಿ ಸತ್ತು ನೂರು ವರ್ಷ ಆತು," ಎಂದು ಹಿಂದಿಯಲ್ಲಿ ಹೇಳಿದೆ ಎಂದು ನಮಗೆ ಕನ್ನಡದಲ್ಲಿ ಹೇಳಿ ನಗುತ್ತಿದ್ದರು. ಎರಡು ವರ್ಷ ಕಲಿತರು. ವೀಸಾದ ಕನಸಿನ ಹುಡುಗರ ನಡುವೆ ಮುಂದಿನ ಬೆಂಚಿನಲ್ಲಿ ಕೂತು, ಟಿಫಿನ್ ಡಬ್ಬಿ ಹಂಚಿಕೊಂಡು.

ಸಂಘದ ನಾಟಕಗಳಿಗೆ ವೇಷ, ರಂಗಸಜ್ಜಿಕೆ ಅವರದೇ. ಒಂದು ವರ್ಷ ದ್ರೌಪದಿಗೆ ಕಿರೀಟ ಮಾಡಿದರು. ಹಳೆಯ ತಾಮ್ರದ ತಂತಿ, ಉಗುರಿಗೆ ಹಚ್ಚುವ ಬಣ್ಣ, ನಡುವೆ ರೆಕ್ಕೆ ಬಿಚ್ಚಿದ ಏರೋಪ್ಲೇನ್ ಚಿಟ್ಟೆ. ಆ ನಟಿಯ ಕಾಲದ ಅಕ್ಕಸಾಲಿಗರು ವಜ್ರ ಬಿಟ್ಟು ಕೊಂಬು, ಗಾಜು, ಮೀನಾಕಾರಿಯಲ್ಲಿ ಹುಳಹುಪ್ಪಟೆ ಮಾಡುತ್ತಿದ್ದರಂತೆ. ಸಂಘದ ಕಾರ್ಯದರ್ಶಿ ಕಂಗಾಲು. "ಅಕ್ಕಾವ್ರ, ದ್ರೌಪದಿ ತಲಿ ಮ್ಯಾಲ ಹುಳ ಯಾಕ್ರೀ?"

"ಆಕಿ ಬೆಂಕಿಯೊಳಗ ಹುಟ್ಟಿದಾಕಿ ಹೌದಲ್ಲೋ? ಬೆಂಕಿ ಇದ್ದಲ್ಲಿ ಹುಳ ಬರಂಗಿಲ್ಲೇನು?"

ಪರದೆ ಏಳುವ ಹೊತ್ತಿಗೆ ಆ ಚಿಟ್ಟೆಯ ರೆಕ್ಕೆ ದೀಪಕ್ಕೆ ನಡುಗಿತು ನೋಡಿ, ಸಭಾಂಗಣವೆಲ್ಲ ಉಸಿರು ಎಳೆದುಕೊಂಡಿತು. ಕಾರ್ಯದರ್ಶಿಯೇ ಮೊದಲು ಚಪ್ಪಾಳೆ ಹೊಡೆದರು.

ಆ ನಟಿ ಮಲಗುವ ಕೋಣೆಯಲ್ಲಿ ಶವಪೆಟ್ಟಿಗೆ ಇಟ್ಟುಕೊಂಡು ಅದರಲ್ಲಿ ಮಲಗುತ್ತಿದ್ದಳು ಎಂಬ ಕತೆಯನ್ನು ಸಂಘದ ಹೆಂಗಸರ ಮುಂದೆ ಹೇಳುವುದು ಅವರಿಗೆ ಖುಷಿ. "ಅಯ್ಯ ಶಿವನ! ಗಂಡ ಸುಮ್ನಿದ್ನೇನ್ರೀ?" ಎಂದು ಯಾರೋ ಕೇಳಿದರೆ, "ಇಬ್ಬರು ಮಲಗೂವಷ್ಟು ಅಗಲ ಇರಲಿಲ್ಲವ್ವಾ ಅದು," ಎನ್ನುತ್ತಿದ್ದರು, ಅಳತೆ ಹಿಡಿದು ನೋಡಿ ಬಂದವರಂತೆ.

ನನಗೆ ಅವರಿಂದ ಆದ ಲಾಭ ಹೇಳಲೇಬೇಕು. ಆ ಕಾಲದಲ್ಲಿ ಅಲ್ಲಿ ಎಲ್ಲವೂ ಬಳ್ಳಿಯಾಗಲು ಹೊರಟಿತ್ತು ಎನ್ನುತ್ತಿದ್ದರು; ಚಮಚದ ಹಿಡಿ, ದೀಪದ ಕಂಬ, ಮೆಟ್ಟಿಲ ಕಟಕಟೆ, ಹೆಂಗಸರ ಕೂದಲು. ಆ ಅಲೆ ಹಡಗು ಹತ್ತಿ ಇಲ್ಲಿಯ ನವಾಬರ ದೇವಡಿಗಳಿಗೂ, ಸಾಹುಕಾರರ ಮನೆಗಳಿಗೂ ಬಂದಿತ್ತು. ನಾನು ಎಲ್ಲವನ್ನೂ "ಅಂಗ್ರೇಜಿ ಡಿಸೈನ್" ಎಂದು ಒಂದೇ ಮಾತಿನಲ್ಲಿ ಮಾರುತ್ತಿದ್ದೆ. ಟೈಲಿನ ಮೇಲಿನ ಎರಡು ಹೂವನ್ನು ಅಕ್ಕಪಕ್ಕ ಇಟ್ಟು ನೋಡುವುದನ್ನು ಅವರು ಕಲಿಸಿದರು. ಎರಡೂ ಕೂದಲೆಳೆಯಷ್ಟೂ ಬೇರೆ ಇಲ್ಲದಿದ್ದರೆ ಅಚ್ಚಿನದು. ಸ್ವಲ್ಪ ಬೇರೆ ಇದ್ದರೆ ಕೈಯದು. ಬಳುಕಿದ ಗೆರೆಯ ಮೇಲೆ ಹೆಬ್ಬೆರಳ ಉಗುರು ಓಡಿಸಿ, "ಇಲ್ಲಿ ಬರದಾಂವ ಚಹಾ ಕುಡ್ಯಾಕ ಎದ್ದಾನ ನೋಡ್ರಿ," ಎಂದರೆ ಖಂಡಿತ ಅಲ್ಲಿ ಸಣ್ಣದೊಂದು ಎಡವು ಇರುತ್ತಿತ್ತು.

ಈಗ ಅಂಗಾಲು ನೋಡಿ ಎಂದೆನಲ್ಲ, ಅದಕ್ಕೆ ಕಾರಣವಾದ ಗಾಜಿನ ವಿಷಯ.

ಕಾಚಿಗೂಡದ ಕಡೆ ಒಂದು ಮನೆ ಬಿತ್ತು. ಅದರ ಮೆಟ್ಟಿಲ ಕಿಟಕಿಯಲ್ಲಿ ಬಣ್ಣದ ಗಾಜಿನ ಹೆಂಗಸೊಬ್ಬಳು ಇದ್ದಳು, ಸೊಂಟದ ತನಕ ಕೂದಲು, ಸುತ್ತ ಲಿಲ್ಲಿ ಹೂವು. ಇಳಿಸುವಾಗ ನಮ್ಮವರ ಕೈ ಜಾರಿ ಚೂರುಚೂರಾಯಿತು. ಬಿಸಾಕಲು ಹೊರಟಿದ್ದೆ. ಅಕ್ಕಾವರು ತಡೆದರು. ಇಳಿಸುವ ಮೊದಲು ನಾನು ತೆಗೆದಿದ್ದ ಫೋಟೊ ನೋಡಿಕೊಂಡು, ಗೋಡೌನಿನ ಸಿಮೆಂಟ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಿಟಕಿಯನ್ನು ಅದರದೇ ಅಳತೆಯಲ್ಲಿ ಬರೆದರು. ಒಂದೊಂದೇ ಚೂರನ್ನು ಅದರ ಜಾಗಕ್ಕೆ ಕೂರಿಸುತ್ತಾ ಹೋಗುವುದು ಅವರ ಯೋಚನೆ. ನಾನು ನೆಲವನ್ನು ಎರಡು ಸಲ ಗುಡಿಸಿದ್ದೆ. ಎರಡು ಸಲ. ಇವತ್ತಿಗೂ ಎಣಿಸುತ್ತೇನೆ, ಮೂರನೆಯದು ಗುಡಿಸಿದ್ದರೆ ಎಂದು.

ನಕ್ಷೆಯ ಅಂಚಿಗೆ ಬಂದವರೇ ಚಪ್ಪಲಿ ಬಿಟ್ಟರು.

"ಅಕ್ಕಾವ್ರ, ಗಾಜು ಐತ್ರೀ. ಹಾಕ್ಕೊಳ್ರಿ."

"ನಕ್ಷೆ ಮ್ಯಾಲ ಚಪ್ಪಲಿ ಹಾಕ್ಕೊಂಡು ನಿಂದ್ರೂದಿಲ್ಲ."

ಹುಡುಗಿಯಾಗಿದ್ದಾಗ ವಿಮಾನ ಕಟ್ಟುವ ಕಾರ್ಖಾನೆಯೊಂದರಲ್ಲಿ ತರಬೇತಿ ಪಡೆದವರು ಅವರು. ಅಲ್ಲಿ ರೆಕ್ಕೆಯ ನಕ್ಷೆಯನ್ನು ಪೂರ್ತಿ ಅಳತೆಯಲ್ಲಿ ನೆಲದ ಮೇಲೆ ಕೊರೆದಿರುತ್ತಿದ್ದರಂತೆ. ದೊಡ್ಡ ಸಾಹೇಬನೇ ಬಂದರೂ ಬೂಟು ಬಿಟ್ಟು ಹತ್ತಬೇಕು; ಹಿಮ್ಮಡಿಯ ಕೆಳಗೆ ಸಿಕ್ಕ ಒಂದು ಮರಳಿನ ಕಣ ಗೆರೆಯನ್ನು ಗೀರಿದರೆ ರೆಕ್ಕೆಯ ಅಳತೆಯೇ ತಪ್ಪುತ್ತದೆ. ನಲವತ್ತು ವರ್ಷದ ರೂಢಿ. ನನ್ನ ಗೋಡೌನಿನ ಸೀಮೆಸುಣ್ಣಕ್ಕೂ ಅವರು ಆ ಮರ್ಯಾದೆ ಕೊಟ್ಟರು.

ಸಂಜೆ ಅವರು ಹೋದ ಮೇಲೆ ನೋಡುತ್ತೇನೆ, ಗಾಜಿನ ಹೆಂಗಸಿನ ಕೂದಲ ಗೆರೆಯುದ್ದಕ್ಕೂ ಸಣ್ಣ ಕೆಂಪು ಚುಕ್ಕೆಗಳು. ಮೊದಲು ಬಣ್ಣ ಅಂದುಕೊಂಡೆ. ಫೋನ್ ಮಾಡಿದೆ. "ಹೌದೇನು? ನನಗೇನೂ ಅನಿಸಲಿಲ್ಲಲ್ಲ," ಎಂದರು. ಅವರಿಗೂ ಸಕ್ಕರೆ ಕಾಯಿಲೆ ಇತ್ತು. ಪಾದಕ್ಕೆ ಸ್ಪರ್ಶ ಹೋಗಿ ಎಷ್ಟು ದಿನವಾಗಿತ್ತೋ, ಅವರಿಗೇ ಗೊತ್ತಿರಲಿಲ್ಲ. ತಾವೇ ಅರಿಶಿನ ಹಚ್ಚಿ ಬಟ್ಟೆ ಕಟ್ಟಿಕೊಂಡರು. ನಾಲ್ಕನೆಯ ದಿನ ನಾನು ಹಟ ಮಾಡಿ ಬಟ್ಟೆ ಬಿಚ್ಚಿಸಿದಾಗ ಎಡಗಾಲಿನ ಕಿರುಬೆರಳು ಕಪ್ಪಾಗಿತ್ತು.

ಅಮೀರ್‌ಪೇಟೆಯ ದಾರಿಯಲ್ಲಿರುವ ಒಂದು ಆಸ್ಪತ್ರೆಗೆ ಕರೆದೊಯ್ದೆ. ಚಿಕ್ಕ ವಯಸ್ಸಿನ ಸರ್ಜನ್. ಬೆರಳು ನೋಡಿದ, ಪಾದ ಒತ್ತಿದ. "ಈ ವೇಲು ತೀಸೇದ್ದಾಂ ಅಮ್ಮಾ, ರೇಪು ಪೊದ್ದುನ್ನೇ," ಎಂದ. ಈ ಬೆರಳು ತೆಗೆದುಬಿಡೋಣ, ನಾಳೆ ಬೆಳಿಗ್ಗೆಯೇ.

ಅಕ್ಕಾವರು ಬೆರಳಿಗೆ ಬಟ್ಟೆ ಸುತ್ತಿಕೊಂಡರು. ಆಮೇಲೆ, "ಆತು, ಹಾಂಗಾರ ನಾಳಿ," ಎಂದು ಎದ್ದರು.

ಎದ್ದವರನ್ನು ನಾನು ಕೂರಿಸಿದೆ. ಇಲ್ಲಿಂದ ಮುಂದಿನದು ನನ್ನ ತಪ್ಪು, ಬೇರೆ ಯಾರದೂ ಅಲ್ಲ. ಮೊದಲು ಹೇಳಿದ ಬೆಲೆಗೆ ಒಪ್ಪಬಾರದು ಎಂಬುದು ನನ್ನ ಕಸುಬಿನ ಮೊದಲ ಪಾಠ. ಮೊದಲ ಮಾತು ಯಾವಾಗಲೂ ದೊಡ್ಡದು, ಎದ್ದು ನಾಲ್ಕು ಹೆಜ್ಜೆ ನಡೆದರೆ ಇಳಿಯುತ್ತದೆ. ಈ ಪಾಠದಿಂದ ಮನೆ ಕಟ್ಟಿದ್ದೇನೆ, ಮಗಳ ಮದುವೆ ಮಾಡಿದ್ದೇನೆ. "ಅಕ್ಕಾವ್ರ, ಹಿಂಗ ಒಂದ ಮಾತಿಗೆ ಹೂಂ ಅಂತಾರೇನ್ರೀ? ಇನ್ನೊಂದು ಕಡೆ ತೋರಸೂಣು. ಕೊಂಡಾಪುರದಾಗ ದೊಡ್ಡ ಡಾಕ್ಟರ್ ಅದಾರ, ನಮ್ಮ ಗಿರಾಕಿ ಹೇಳ್ಯಾರ."

ಅವರು ನನ್ನ ಮುಖ ನೋಡಿದರು. ಅವರಿಗೂ ಬೆರಳು ಉಳಿಸಿಕೊಳ್ಳುವ ಆಸೆ ಇರಲಿಲ್ಲವೆ? ಇತ್ತು. ನಾನು ಅದನ್ನು ಕೆದಕಿದೆ.

ಕೊಂಡಾಪುರದ ಡಾಕ್ಟರು ಹಿರಿಯರು, ಮೆತ್ತಗಿನ ಮಾತು. ಔಷಧಿ ಕೊಟ್ಟು ಎರಡು ದಿನ ನೋಡಬಹುದು, ಆದರೆ ಕೆಂಪು ಮೇಲಕ್ಕೆ ಹತ್ತಿದರೆ ಅದೇ ಗಳಿಗೆಯಲ್ಲಿ ಬರಬೇಕು ಎಂದು ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ನನ್ನ ಕಿವಿಗೆ ಬಿದ್ದದ್ದು "ನೋಡಬಹುದು" ಎಂಬುದಷ್ಟೆ. ಆಟೊದಲ್ಲಿ ವಾಪಸು ಬರುವಾಗ ನಾನು ಗೆದ್ದವಳ ಹಾಗೆ ಮಾತಾಡುತ್ತಿದ್ದೆ. "ನೋಡಿದ್ರ್ಯಾ? ನಾ ಹೇಳಲಿಲ್ಲ?" ಅಕ್ಕಾವರು ಹೊರಗೆ ನೋಡುತ್ತಿದ್ದರು.

ಅವತ್ತು ಸಂಜೆ ಅವರು ಬಾಲ್‌ಪೆನ್ನು ತೆಗೆದು ಪಾದದ ಮೇಲೆ ಒಂದು ಗೆರೆ ಎಳೆದರು, ಕೆಂಪು ಎಲ್ಲಿಗೆ ನಿಂತಿದೆಯೋ ಅದರ ಅಂಚಿನ ಗುಂಟ. ಪಕ್ಕದಲ್ಲಿ ತಾರೀಖು. "ನಾಳಿ ಇದರ ಒಳಗ ಇದ್ರ ಗೆದ್ವಿ," ಎಂದರು. ನದಿಯ ದಂಡೆಯನ್ನು ನಕ್ಷೆಯಲ್ಲಿ ತೋರಿಸುವಂಥ ಗೆರೆ, ಅಷ್ಟು ನುಣುಪು.

ಮರುದಿನ ಬೆಳಿಗ್ಗೆ ಕೆಂಪು ಗೆರೆಯನ್ನು ಮುಟ್ಟಿಕೊಂಡು ನಿಂತಿತ್ತು. ಮೂರನೆಯ ದಿನ ದಾಟಿತ್ತು, ಒಂದು ಉಗುರಿನಷ್ಟು. "ಒಂದ್ ಉಗುರಲ್ಲೇನ್ರಿ, ಔಷಧಿ ಹತ್ತಾಕ ಟೈಮ್ ಬೇಕಲ್ಲ," ಎಂದೆ. ಗೆರೆಯೊಂದಿಗೂ ಚೌಕಾಶಿ ಮಾಡಿದೆ. ಅವರು ಎರಡನೆಯ ಗೆರೆ ಎಳೆದರು. ಕೈ ಸ್ವಲ್ಪ ಬಿಸಿಯಿತ್ತು. ನಾನು ಸೆಕೆ ಅಂದುಕೊಂಡೆ. ಮನೆಗೆ ಹೋದ ಮೇಲೆ ರಾತ್ರಿ ಎರಡೆರಡು ಸಲ ಫೋನ್ ಮಾಡಿ ಕೆಂಪು ಎಲ್ಲಿಗೆ ಬಂತು ಎಂದು ಕೇಳುತ್ತಿದ್ದೆ. ಆದರೂ ಬೆಳಗಾದರೆ ನನ್ನ ಬಾಯಿಂದ ಬರುತ್ತಿದ್ದದ್ದು "ಇನ್ನೊಂದ್ ದಿನ".

ಆ ದಿನಗಳಲ್ಲಿ ಅವರು ಆ ದಪ್ಪ ಪುಸ್ತಕವನ್ನು ಮುಚ್ಚಿ ಕಪಾಟಿನ ಮೇಲೆ ಹಾಕಿಬಿಟ್ಟಿದ್ದರು. ನಟಿಯ ಕತೆಯ ಕೊನೆ ನನಗೂ ಗೊತ್ತಿತ್ತು. ವಯಸ್ಸಾದ ಮೇಲೆ ಅವಳ ಒಂದು ಕಾಲು ತೆಗೆದರು. ಅವಳು ಕೂತೇ ಅಭಿನಯಿಸಿದಳು, ಚೆಂದದ ಕುರ್ಚಿಯೊಂದರಲ್ಲಿ ಜನ ಹೊತ್ತು ತಿರುಗಿಸಿದರು. ಧೈರ್ಯ ಹೇಳೋಣವೆಂದು ನಾನು ಅದನ್ನೇ ಎತ್ತಿದೆ.

ಅಕ್ಕಾವರು ಮೊದಲ ಬಾರಿ ನನ್ನ ಮೇಲೆ ಹರಿಹಾಯ್ದರು. "ಆಕಿಗೆ ಸ್ವಂತ ಥಿಯೇಟರ್ ಇತ್ತು. ಹೊರಾಕ ಆಳಿದ್ರು. ನನಗೇನೈತಿ? ಮೂರನೇ ಮಜಲಾ, ಕೆಟ್ಟ ಲಿಫ್ಟು! ಹಾಲಿನ ಪಾಕೀಟು ತರಾಕ ಯಾರ್ ಇಳೀತಾರ? ನೀವು ಇಳೀತೀರೇನು ದಿನಾ?" ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು. ಅವರ ಭುಜ ಅಲುಗುತ್ತಿತ್ತು. ನಾನು ಹಾಲು ಕಾಯಿಸುವ ನೆಪದಲ್ಲಿ ಅಡುಗೆಮನೆಗೆ ಹೋಗಿ ನಿಂತೆ.

ಆರನೆಯ ದಿನ ಬೆಳಿಗ್ಗೆ ಬಾಗಿಲು ಬಡಿದರೆ ತೆಗೆಯುವುದು ತಡವಾಯಿತು. ತೆವಳಿಕೊಂಡು ಬಂದು ತೆಗೆದರು. ಕೋಣೆಯಲ್ಲಿ ಒಂದು ವಾಸನೆ. ಪಾದದ ಮೇಲೆ ನಾಲ್ಕು ಗೆರೆಗಳಿದ್ದವು. ನಾಲ್ಕನ್ನೂ ದಾಟಿ ಕೆಂಪು ಕಣಕಾಲಿನ ಮೇಲೆ ಹತ್ತಿತ್ತು. ಮೈ ಬೆಂಕಿ. "ಐದನೇದ್ದು ಎಳ್ಯಾಕ ಆಗಲಿಲ್ಲ ಸಾವಕಾರ್ತಿ, ಕೈ ನಡಗಾಕತ್ತೈತಿ," ಎಂದರು.

ಹತ್ತಿರದ್ದು ಮೊದಲಿನ ಆಸ್ಪತ್ರೆಯೇ. ಅದೇ ಸರ್ಜನ್. ನಮ್ಮನ್ನು ಗುರುತು ಹಿಡಿದ. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ರಿಪೋರ್ಟುಗಳು ಬರುವ ತನಕ ಎರಡು ಸಲ ಬಂದು ನಾಡಿ ಹಿಡಿದು ಹೋದ. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು ಹೇಳಿದ: ಮೊಣಕಾಲಿನ ಕೆಳಗೆ ತೆಗೆಯಬೇಕು, ಇವತ್ತೇ. ಇನ್ನೊಂದು ದಿನ ಬಿಟ್ಟರೆ ಜೀವಕ್ಕೆ ಮಾತು ಕೊಡಲಾರೆ.

ನನ್ನ ಬಾಯಿಂದ ಹೊರಬಿದ್ದ ಮಾತು ಕೇಳಿ. "ಸಾರ್, ಕೊಂಚೆಂ ತಗ್ಗಿಂಚಂಡಿ." ಸ್ವಲ್ಪ ಕಡಿಮೆ ಮಾಡಿ. ಗೋಡೌನಿನಲ್ಲಿ ದಿನಕ್ಕೆ ಹತ್ತು ಸಲ ನಾನು ಆಡುವ, ಗಿರಾಕಿಗಳು ನನಗೆ ಆಡುವ ಅದೇ ಮಾತು. "ಪಾದದ ತನಕ ತೆಗೆದರೆ ಸಾಕಾಗುವುದಿಲ್ಲವೆ ಸಾರ್?" ಸಲೈನ್ ಕಟ್ಟುತ್ತಿದ್ದ ನರ್ಸು ಕೈ ನಿಲ್ಲಿಸಿ ನನ್ನನ್ನು ನೋಡಿದಳು.

"ಸುಮ್ನಿರ್ರಿ," ಎಂದರು ಅಕ್ಕಾವರು. ದನಿ ಸಣ್ಣದು. "ಇದು ಬಾಗಿಲಲ್ಲ." ಆಮೇಲೆ ಡಾಕ್ಟರಿಗೆ ಹಿಂದಿಯಲ್ಲಿ ಹೇಳಿದರು, "ಎಲ್ಲಿ ಕತ್ತರಿಸುತ್ತೀರಿ, ಗೆರೆ ಹಾಕಿ ತೋರಿಸಿ. ನಾನು ಜೀವನವಿಡೀ ಬೇರೆಯವರು ಕತ್ತರಿಸುವ ಗೆರೆ ಹಾಕಿದವಳು. ನೋಡದೆ ಸಹಿ ಮಾಡುವುದಿಲ್ಲ."

ಅವನು ನೇರಳೆ ಪೆನ್ನು ತೆಗೆದು ಮೊಣಕಾಲಿನ ಕೆಳಗೆ ಗುರುತು ಹಾಕಿದ. ಕನ್ನಡಕ ಕೊಡಿ ಎಂದರು, ಕೊಟ್ಟೆ. ಜ್ವರದಲ್ಲಿ ಕಣ್ಣು ಕಿರಿದು ಮಾಡಿ ನೋಡಿದರು. "ಹಿಂದಿನ ಗೆರೆ ಇಷ್ಟು ಕೆಳಗೆ ಯಾಕೆ ಇಳಿದಿದೆ?" ಅವನು ವಿವರಿಸಿದ: ಹಿಂದಿನ ಮಾಂಸ, ಚರ್ಮವನ್ನು ಉದ್ದ ಬಿಟ್ಟು ಮುಂದಕ್ಕೆ ಮಡಚಿ ಹೊಲಿಯುತ್ತೇವೆ, ಮೂಳೆಗೆ ಮೆತ್ತೆಯಾಗುತ್ತದೆ. ಅಕ್ಕಾವರು ಬೆರಳಿನಿಂದ ಗಾಳಿಯಲ್ಲಿ ಆ ಮಡಿಕೆಯನ್ನು ಒಮ್ಮೆ ಮಡಚಿ ನೋಡಿದರು. ತಲೆ ಆಡಿಸಿದರು. "ಕೂಡ್ತದ," ಎಂದರು ನನಗೆ, ಕನ್ನಡದಲ್ಲಿ. ಕಾಗದ ತರಿಸಿ ಸಹಿ ಹಾಕಿದರು. ಸಹಿ ಮಾತ್ರ ನಡುಗಲಿಲ್ಲ.

ಗಾಲಿಮಂಚ ತಳ್ಳುವಾಗ ನನ್ನ ಮುಂಗೈ ಹಿಡಿದು ಹೇಳಿದರು, "ಆಕಿನೂ ಡಾಕ್ಟರಿಗೆ ತಾನ ಹೇಳಿದ್ಳಂತ, ಕತ್ತರಿಸು ಅಂತ. ಅಷ್ಟ ಹೇಳಾಕ ಆಕಿಗೆ ಎಷ್ಟೋ ವರ್ಷ ಹಿಡೀತು." ಬಾಗಿಲು ಮುಚ್ಚಿತು. ಆ ಮೂರು ತಾಸು ನಾನು ಕಾರಿಡಾರಿನಲ್ಲಿ ಕೂತದ್ದನ್ನು ಬರೆಯಲಾರೆ. ಎದುರಿನ ಗೋಡೆಯ ಟೈಲ್ಸಿನ ಹೂವುಗಳನ್ನು ನೋಡುತ್ತಿದ್ದೆ. ಎಲ್ಲವೂ ಅಚ್ಚಿನವು.

ಜೀವ ಉಳಿಯಿತು. ಇನ್ನೂ ನಾಲ್ಕು ವರ್ಷ ಇದ್ದರು, ಹೋದದ್ದು ಹೃದಯ ನಿಂತು, ನಿದ್ದೆಯಲ್ಲಿ. ನನ್ನ ನಾಲಿಗೆ ಒಂದು ಕೆಲಸಕ್ಕೆ ಬಂತು: ನೆಲಮಹಡಿಯ ಬಾಡಿಗೆದಾರರನ್ನು ಹಿಡಿದು, ಮೇಲೆ ಗಾಳಿ ಬೆಳಕು ಹೆಚ್ಚು ಎಂದು ವಾರಗಟ್ಟಲೆ ತಲೆ ತಿಂದು, ಮನೆ ಅದಲುಬದಲು ಮಾಡಿಸಿದೆ. ಸಂಘದವರು ಬಂದು, ಆ ನಟಿಯಂತೆಯೇ ನಿಮ್ಮನ್ನು ಅಲಂಕಾರದ ಕುರ್ಚಿಯಲ್ಲಿ ಹೊತ್ತು ವೇದಿಕೆಗೆ ತರುತ್ತೇವೆ ಎಂದಾಗ, "ನಾಲ್ಕು ಮಂದಿ ಹೊರೂದು ಒಮ್ಮೆ ಸಾಕು, ಅದಕ್ಕ ಇನ್ನೂ ಟೈಮ್ ಐತಿ," ಎಂದು ಬೈದು ಕಳಿಸಿದರು. ಕೃತಕ ಕಾಲು ಹಾಕಿಕೊಂಡು ನಡೆದೇ ಹೋದರು, ನಿಧಾನವಾಗಿ, ಇಡೀ ಸಭಾಂಗಣವನ್ನು ಕಾಯಿಸಿ.

ನಾನು ದಿನಾ ಬೆಳಿಗ್ಗೆ ಹಾಲಿನ ಪಾಕೀಟು ಹಿಡಿದು ಹೋಗುತ್ತಿದ್ದೆ. ಒಂದು ಪ್ರಶ್ನೆ ಎದೆಯಲ್ಲಿ ಕೂತಿತ್ತು. ಕೇಳಲು ಎಂಟು ತಿಂಗಳು ಬೇಕಾಯಿತು. ಅವರು ಮಂಚದ ಅಂಚಿನಲ್ಲಿ ಕೂತು ಕಾಲಿನ ಪಟ್ಟಿ ಬಿಗಿಯುತ್ತಿದ್ದರು, ನಾನು ಚಹಾ ಸೋಸುತ್ತಿದ್ದೆ.

"ಅಕ್ಕಾವ್ರ, ಅವತ್ತ ಮೊದಲನೇ ದಿನಾನ ನಾ ನಡಕ ಬಾಯಿ ಹಾಕದ ಇದ್ದಿದ್ರ, ಬರೇ ಬೆರಳು ಹೋಗ್ತಿತ್ತಲ್ಲೇನ್ರೀ?"

ಅವರು ಪಟ್ಟಿ ಬಿಗಿಯುವುದನ್ನು ಮುಗಿಸಿದರು. "ಹೌದ್ರೀ. ಬೆರಳಷ್ಟ ಹೋಗ್ತಿತ್ತು."

ಇನ್ನೇನಾದರೂ ಸೇರಿಸುತ್ತಾರೆಂದು ಕಾದೆ. ಹಣೆಬರಹ ಎನ್ನಬಹುದು, ನಿಮ್ಮ ತಪ್ಪಲ್ಲ ಎನ್ನಬಹುದು, ನಾನೂ ಒಪ್ಪಿದ್ದೆನಲ್ಲ ಎನ್ನಬಹುದು. ಬೇರೆ ಯಾರಾದರೂ ಆಗಿದ್ದರೆ ಅಂದಿರುತ್ತಿದ್ದರು. ಅವರು ಏನೂ ಸೇರಿಸಲಿಲ್ಲ. ಚಹಾ ಲೋಟವನ್ನು ಅವರ ಪಕ್ಕ ಇಟ್ಟೆ. ಸೆರಗು ಬಾಯಿಗೆ ಒತ್ತಿಕೊಂಡು ಚಪ್ಪಲಿ ಹುಡುಕುತ್ತಿದ್ದೆ.

ಬಾಗಿಲ ತನಕ ಹೋಗಿದ್ದೆ, ಹಿಂದಿನಿಂದ ಕರೆದರು. "ಸಾವಕಾರ್ತೀ. ನಾಳಿ ಬರ್ತೀರಲ್ಲ?" ಅವರ ದನಿಯಲ್ಲಿ ಆ ಅಳುಕನ್ನು ನಾನು ಆಸ್ಪತ್ರೆಯಲ್ಲೂ ಕೇಳಿರಲಿಲ್ಲ.

"ಬರ್ತೀನ್ರೀ."

"ಎಷ್ಟಕ್ಕ?"

"ಏಳೂವರಿಗೆ."

"ಏಳಕ್ಕ ಬರ್ರಿ."

"ಆತ್ರೀ," ಎಂದೆ.